ನಳಿಗೆಯ ಕಪ್ಪು, ಕಾವಲಿಯ ಕಪ್ಪು

ನಮ್ಮ ಹೋಟೆಲಿನಲ್ಲಿ ದಿನದ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವ ಕ್ರಮ ಇರಲಿಲ್ಲ. ಹಿಂದಿನ ದಿನ ತೊಳೆದಿಟ್ಟ ಕಾವಲಿಯ ಮೇಲೆ ಹೊಯ್ದ ಮೊದಲ ಹಿಟ್ಟು ಎಲ್ಲಾದರೂ ಒಂದು ಕಡೆ ಕಚ್ಚಿಕೊಳ್ಳುತ್ತಿತ್ತು, ಎಬ್ಬಿಸುವಾಗ ಹರಿದು ಬರುತ್ತಿತ್ತು. ಅದನ್ನು ಎಸೆಯುವಂತಿಲ್ಲ. ಕೆಲಸದವರ ತಟ್ಟೆಗೆ ಹಾಕುವಂತೆಯೂ ಇಲ್ಲ. ಕಾವಲಿ ತೊಳೆದವರು ಯಾರೋ ಅವರೇ ತಿನ್ನಬೇಕು ಎಂಬುದು ಅಪ್ಪನ ಕಾನೂನು. ಕಾವಲಿ ತೊಳೆಯುವ ಕೆಲಸವನ್ನು ಅವರು ಯಾರ ಕೈಗೂ ಬಿಡುತ್ತಿರಲಿಲ್ಲ. ಹಾಗಾಗಿ ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಆ ಗಲ್ಲಿಯಲ್ಲಿ ಪ್ರತಿ ಬೆಳಿಗ್ಗೆ ಅಪ್ಪ ಅರ್ಧ ಎತ್ತಿದ ಶಟರಿನ ಒಳಗೆ ನಿಂತು, ಚಟ್ನಿಯೂ ಇಲ್ಲದೆ ಆ ಹರಿದ ದೋಸೆ ತಿಂದು, ಕೈ ತೊಳೆದು, ಆಮೇಲೆ ಶಟರನ್ನು ಪೂರ್ತಿ ಎತ್ತುತ್ತಿದ್ದರು.

ಬಂದೂಕಿನ ಬಗ್ಗೆ ಬರೆಯಲು ಕುಳಿತವಳು ದೋಸೆಯಿಂದ ಶುರುಮಾಡಿದಳಲ್ಲ ಎಂದು ನಗಬೇಡಿ. ನನಗೆ ಬಂದೂಕು ಅರ್ಥವಾದದ್ದೇ ಆ ದಾರಿಯಲ್ಲಿ.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಕಲ್ಯಾಣದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಾಲೇಜಿನ ಕೆಡೆಟ್ ದಳಕ್ಕೆ ಸೇರಿದ್ದು ದೇಶಭಕ್ತಿ ಉಕ್ಕಿ ಹರಿದು ಅಲ್ಲ. ಪರೇಡು ಭಾನುವಾರ ಬೆಳಿಗ್ಗೆ ಇರುತ್ತಿತ್ತು, ನಮ್ಮ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗದ್ದಲವೂ ಭಾನುವಾರ ಬೆಳಿಗ್ಗೆಯೇ. ಖಾಕಿ ಹಾಕಿಕೊಂಡರೆ ಆ ಗದ್ದಲದಿಂದ ಪಾರಾಗಬಹುದು ಎಂಬ ಲೆಕ್ಕಾಚಾರ ನನ್ನದು. ನಮ್ಮ ವಂಶದಲ್ಲಿ ಸಟ್ಟುಗಕ್ಕಿಂತ ಉದ್ದದ ಆಯುಧ ಹಿಡಿದವರು ಯಾರೂ ಇರಲಿಲ್ಲ. ಉಡುಪಿಯಿಂದ ಬಂದ ಅಜ್ಜನ ಕಾಲದಿಂದಲೂ ಎಲ್ಲರೂ ಕಾವಲಿಯ ಮುಂದೆ ನಿಂತವರೇ.

ನಮಗೆ ಕಲಿಸುತ್ತಿದ್ದ ಹವಾಲ್ದಾರರು ಬಿಜಾಪುರದ ಕಡೆಯವರು. ಸೈನ್ಯದಿಂದ ಕೆಡೆಟ್‌ಗಳ ತರಬೇತಿಗೆಂದು ಬಂದಿದ್ದರು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಪರೇಡಿನಲ್ಲಿ ಹಿಂದಿ, ನನ್ನೊಬ್ಬಳ ಜೊತೆ ಕನ್ನಡ. ನನ್ನ ಕರಾವಳಿಯ "ಎಂತ, ಉಂಟು" ಕೇಳಿದಾಗಲೆಲ್ಲ ಅವರಿಗೆ ನಗು. ಒಂದು ದಿನ ಅವರು ಪಾಯಿಂಟ್ ಟೂ ಟೂ ರೈಫಲ್ಲಿನ ಹಿಂಬದಿಯ ಬೋಲ್ಟನ್ನು ಕಳಚಿ ತೆಗೆದು, ಆ ತೆರೆದ ಬಾಯಿಗೆ ತಮ್ಮ ಹೆಬ್ಬೆರಳಿನ ಉಗುರನ್ನು ಓರೆಯಾಗಿ ಹಿಡಿದು, "ಮುಂದಿನಿಂದ ಇಣಿಕಿ ನೋಡವಾ" ಎಂದರು. ಉಗುರಿಗೆ ಬಿದ್ದ ಬೆಳಕು ನಳಿಗೆಯ ಒಳಗೆ ಹೊಕ್ಕು ಸುರುಳಿ ಸುರುಳಿಯಾಗಿ ನನ್ನ ಕಣ್ಣಿನ ತನಕ ಬಂತು. ಗುಂಡನ್ನು ತಿರುಗಿಸಿ ಕಳಿಸುವ ಆ ಒಳಗೆರೆಗಳು ಅಷ್ಟು ನುಣುಪಾಗಿ, ಅಷ್ಟು ಗಂಭೀರವಾಗಿ ಸುತ್ತಿಕೊಂಡಿದ್ದವು. ನಾನು ಎಷ್ಟು ಹೊತ್ತು ನೋಡಿದೆನೋ, ಹಿಂದಿದ್ದ ಹುಡುಗಿಯರು ಗೊಣಗತೊಡಗಿದರು. ಮನೆಯ ಗಡಿಯಾರ, ಇಸ್ತ್ರಿಪೆಟ್ಟಿಗೆ, ಮಿಕ್ಸರು ಎಲ್ಲವನ್ನೂ ಬಿಚ್ಚಿ ನೋಡಿ ಬೈಸಿಕೊಂಡವಳು ನಾನು. ಒಳಗೆ ಏನಿದೆ ಎಂದು ನೋಡಲು ಬೈಗುಳವಿಲ್ಲದೆ ಸಿಕ್ಕ ಮೊದಲ ವಸ್ತು ಅದು. ಅಂದಿನಿಂದ ಗದ್ದಲ ತಪ್ಪಿಸಿಕೊಳ್ಳಲು ಅಲ್ಲ, ಬಂದೂಕಿಗಾಗಿಯೇ ಹೋಗತೊಡಗಿದೆ.

ಗುಂಡು ಹಾರಿಸಿದ ಮೇಲೆ ನಳಿಗೆ ಒರೆಸುವ ಕೆಲಸ ಇರುತ್ತಿತ್ತು. ಒಂದು ಗಟ್ಟಿ ಹುರಿ, ಅದರ ಒಂದು ತುದಿಗೆ ಹಿತ್ತಾಳೆಯ ಭಾರ, ಇನ್ನೊಂದು ತುದಿಯ ಕುಣಿಕೆಗೆ ಬಟ್ಟೆಯ ತುಂಡು. ಬಟ್ಟೆಗೆ ಎಲ್ಲರೂ ಚಿಂದಿ ಎನ್ನುತ್ತಿದ್ದರು. ಭಾರವನ್ನು ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಒಂದೇ ಎಳೆತಕ್ಕೆ ಎಳೆದರೆ ಚಿಂದಿ ಕಪ್ಪಾಗಿ ಹೊರಬರುತ್ತಿತ್ತು. ಉಳಿದವರು ಚಿಂದಿ ಬೆಳ್ಳಗೆ ಬರುವ ತನಕ ಎಳೆಯುತ್ತಿದ್ದರು. ನಾನು ಎರಡು ಸಲ ಎಳೆದು ನಿಲ್ಲಿಸುತ್ತಿದ್ದೆ. ಸೋಮಾರಿತನ ಅಲ್ಲ, ಸಿದ್ಧಾಂತ! ಹೋಟೆಲಿನಲ್ಲಿ ಬೆಳೆದವಳಿಗೆ ಕಪ್ಪು ಎಂದರೆ ಪಳಗಿದ್ದು. ಬೆಳ್ಳಗಾಗುವ ತನಕ ಕಾವಲಿ ಉಜ್ಜಿದವನನ್ನು ಅಪ್ಪ ಅದೇ ದಿನ ಅಡುಗೆಮನೆಯಿಂದ ಹೊರಗೆ ಹಾಕಿಯಾರು. ಕಬ್ಬಿಣಕ್ಕೆ ಕಪ್ಪು ಕೂರಬೇಕು, ಕೂತ ಮೇಲೆ ಅದನ್ನು ಕಾಪಾಡಬೇಕು ಎಂದು ನಾನು ಹವಾಲ್ದಾರರಿಗೇ ಭಾಷಣ ಮಾಡಿದ್ದೆ.

"ಬಂದೂಕಿನ್ಯಾಗ ದೋಸೆ ಹೊಯ್ತಿ ಏನು ನೀ?" ಎಂದರು ಅವರು.

ಹುಡುಗಿಯರ ಪಾಲಿಗೆ ಬಂದ ರೈಫಲ್ ಏಳನೇ ನಂಬರಿನದು. ನಂಬರನ್ನು ಹಿಡಿಯ ಮರದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು. ಎರಡು ವರ್ಷ ಅದು ನನ್ನ ಮಾತು ಕೇಳಿತು. ನಾನು ಹಾರಿಸಿದ ಗುಂಡುಗಳೆಲ್ಲ ಗುರಿಕಾಗದದ ಮೇಲೆ ಒಂದು ಕಡೆ ಗುಂಪಾಗಿ ಬೀಳುತ್ತಿದ್ದವು. ಕೊನೆಯ ವರ್ಷ ಅದಕ್ಕೆ ಏನೋ ಆಯಿತು. ಗುಂಪು ಸಡಿಲವಾಯಿತು. ನಾಲ್ಕು ಗುಂಡು ಸರಿಯಾಗಿ ಹೋದರೆ ಐದನೆಯದು ಕಾರಣವಿಲ್ಲದೆ ಮೇಲಕ್ಕೆ ಹಾರಿ ಕಾಗದದ ಅಂಚಿನಲ್ಲಿ ಕೂರುತ್ತಿತ್ತು.

ಅದೇ ಹೊತ್ತಿಗೆ ಎರಡು ಸಂಗತಿಗಳು ಕೂಡಿಬಂದವು. ಬೆಟಾಲಿಯನ್ನಿನ ಗುರಿಕಾರರ ತಂಡಕ್ಕೆ ನಮ್ಮ ಕಾಲೇಜಿನಿಂದ ಒಬ್ಬ ಹುಡುಗಿಯನ್ನು ಕಳಿಸುವುದೆಂದು ತೀರ್ಮಾನವಾಯಿತು. ಆಯ್ಕೆಯಾದವಳು ದೂರದ ದೊಡ್ಡ ಕ್ಯಾಂಪಿಗೆ ಹೋಗುತ್ತಾಳೆ, ಬೇರೆ ರಾಜ್ಯದವರ ಎದುರು ನಿಲ್ಲುತ್ತಾಳೆ. ಇನ್ನೊಂದು ಸಂಗತಿ, ಗಲ್ಲಾದಲ್ಲಿ ಕೂರುತ್ತಿದ್ದ ಚಿಕ್ಕಪ್ಪ ಊರಿಗೆ ಹೊರಟುಹೋದರು. ಅಪ್ಪ ಮನೆಯಲ್ಲಿ ತುಳು ಮಾತಾಡಿದರೂ ಹೋಟೆಲಿನ ವ್ಯವಹಾರವನ್ನೆಲ್ಲ ಕನ್ನಡದಲ್ಲೇ ಮಾಡುವವರು. ಅವರು ನನ್ನನ್ನು ಕರೆದು ಕನ್ನಡದಲ್ಲಿ ಶುರುಮಾಡಿದಾಗಲೇ ಇದು ವ್ಯವಹಾರ ಎಂದು ಗೊತ್ತಾಯಿತು.

"ನೋಡು, ಆದಿತ್ಯವಾರ ಗಲ್ಲಾಕ್ಕೆ ಜನ ಬೇಕು. ನೀನು ಆ ತಂಡಕ್ಕೆ ಸೇರಿದೆಯೋ, ಹೋಗು, ಕ್ಯಾಂಪಿಗೂ ಹೋಗು, ನಾನು ಹೇಗಾದ್ರೂ ಸುಧಾರಿಸ್ತೇನೆ. ಸೇರಲಿಲ್ಲವೋ, ಈ ಬಂದೂಕು ಗಿಂದೂಕು ಸಾಕು. ಇಲ್ಲಿ ಬಂದು ಕೂತ್ಕೊಳ್ಳಬೇಕು. ಆಯ್ತಾ?"

ಆಯ್ತು ಎಂದೆ. ಬಾಯಲ್ಲಿ ಆಯ್ತು, ಒಳಗೆ ಬೆಂಕಿ. ನನಗೆ ಜೀವನದಲ್ಲಿ ನನ್ನದೇ ಎಂದು ಇದ್ದದ್ದು ಅದೊಂದು. ಅದು ಕೈತಪ್ಪುವುದು ಬಿಡುವುದು ಏಳನೇ ನಂಬರಿನ ಆ ಐದನೇ ಗುಂಡಿನ ಮೇಲೆ ನಿಂತಿತ್ತು.

ಹವಾಲ್ದಾರರನ್ನು ಕೇಳಿದರೆ, "ಟ್ರಿಗರ್ ಒತ್ತಂಗಿಲ್ಲ ನೀ, ಜಗ್ಗಾಕತ್ತಿ. ಬಂದೂಕಿಂದೇನೂ ತಪ್ಪಿಲ್ಲ" ಎಂದರು. ಹಾಗಾದರೆ ನೋಡೇಬಿಡೋಣ ಎಂದು ಒಬ್ಬ ಹುಡುಗಿಯನ್ನು ಕರೆದು, ಖಾಲಿ ರೈಫಲ್ಲಿನ ನಳಿಗೆಯ ತುದಿಯಲ್ಲಿ ಒಂದು ನಾಣ್ಯ ಇಡಲು ಹೇಳಿದೆ. ಟ್ರಿಗರ್ ಜಗ್ಗಿದರೆ ನಳಿಗೆ ಅಲುಗಬೇಕು, ನಾಣ್ಯ ಬೀಳಬೇಕು. ಮತ್ತೆ ಮತ್ತೆ ಒತ್ತಿದೆ. ನಾಣ್ಯ ಕೂತಲ್ಲೇ ಕೂತಿತ್ತು. ಅಂದರೆ ಕೈಯದ್ದಲ್ಲ.

ನಾಣ್ಯ ಇಟ್ಟವಳೇ ಆಯ್ಕೆಯಲ್ಲಿ ನನ್ನ ಎದುರಾಳಿ. ಗುಲ್ಬರ್ಗಾದಿಂದ ಬಂದು ಠಾಕುರ್ಲಿಯಲ್ಲಿ ನೆಲೆಸಿದ್ದ ಗಾರೆ ಮೇಸ್ತ್ರಿಯ ಮಗಳು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಮಾತಾಡಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಮೂರು ವರ್ಷದಲ್ಲಿ ಅವಳ ಬಾಯಿಂದ ಒಂದು ಕನ್ನಡ ಶಬ್ದ ಕೇಳಿರಲಿಲ್ಲ. ಗುರಿ ಮಾತ್ರ ಭಾರಿ ಚೊಕ್ಕ. ಅವಳನ್ನೂ ಏಳನೇ ನಂಬರಿನಿಂದ ಹೊಡೆಯಲು ಹೇಳಿದೆ. ಅವಳ ಗುಂಡುಗಳೂ ಚದುರಿದವು. ಹಟ ಹಿಡಿದು ಹವಾಲ್ದಾರರ ಕೈಯಲ್ಲೂ ಹೊಡೆಸಿದೆ. ಅವರ ಗುಂಡುಗಳೂ ಚದುರಿದವು. "ಈ ಗುಂಡಿನ ಮಾಲ ಸರಿ ಇಲ್ಲ" ಎಂದು ಅವರು ಮೀಸೆ ತಿರುವಿದರು. ಅದೇ ಪೆಟ್ಟಿಗೆಯ ಗುಂಡುಗಳು ಹುಡುಗರ ಮೂರನೇ ನಂಬರಿನ ರೈಫಲ್ಲಿನಿಂದ ನೆಟ್ಟಗೆ ಹೋದವು. ಕೈಯದ್ದಲ್ಲ, ಗುಂಡಿನದ್ದಲ್ಲ. ಗುರಿನೋಟದ ತಿರುಪು ಅಲುಗಾಡುತ್ತದೋ ನೋಡಿದೆ, ಇಲ್ಲ. ಮರಕ್ಕೂ ಕಬ್ಬಿಣಕ್ಕೂ ಬಿಗಿದ ತಿರುಪುಮೊಳೆ ಸಡಿಲವೋ ನೋಡಿದೆ, ಇಲ್ಲ. ಹಾಗಾದರೆ ಉಳಿದದ್ದು ಒಳಗೆ.

ಆದರೆ ಒಳಗೆ ಇಣುಕಿದರೆ ಫಳಫಳ. ಅದೇ ಬೆಳಕು, ಅದೇ ಸುರುಳಿ. ನಳಿಗೆಗೆ ನಾಲಿ ಎನ್ನುವ ಹವಾಲ್ದಾರರು ಗೆದ್ದವರಂತೆ ನಕ್ಕರು. "ನಾಲಿ ಕನ್ನಡಿ ಆದಂಗ ಐತಿ. ಇನ್ನೇನು ಬೇಕು ನಿನಗ?"

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಕುಣಿಕೆಗೆ ಎಂದಿಗಿಂತ ದಪ್ಪದ ಚಿಂದಿ ಸಿಕ್ಕಿಸಿ, ಒಂದೇ ಎಳೆತಕ್ಕೆ ಎಳೆಯುವ ಬದಲು ಬೆರಳಿಗೆ ಅರಿವಾಗುವ ಹಾಗೆ ನಿಧಾನ ಎಳೆದೆ. ಶುರುವಿನಲ್ಲೇ, ಗುಂಡು ಕೂರುವ ಗೂಡು ಮುಗಿದು ಸುರುಳಿಗೆರೆ ಶುರುವಾಗುವ ಕಡೆ, ಚಿಂದಿ ಒಮ್ಮೆ ತಡೆದು ನಿಂತು ಆಮೇಲೆ ಜಾರಿತು. ಮುಂದೆ ಎಲ್ಲೂ ತಡೆಯಲಿಲ್ಲ. ಮತ್ತೆ ಎಳೆದೆ. ಅಲ್ಲೇ ತಡೆಯಿತು. ಆಗ ಹೊಳೆಯಿತು: ನಾವೆಲ್ಲ ಯಾವಾಗಲೂ ಮುಂದಿನ ಬಾಯಿಂದಲೇ ಇಣುಕುತ್ತಿದ್ದೆವು. ತಪಾಸಣೆಗೆ ಬರುವ ಅಧಿಕಾರಿಗಳೂ ಅಲ್ಲಿಂದಲೇ ಇಣುಕುವವರು. ಆ ತುದಿಯ ಕೊನೆಯಲ್ಲಿರುವುದು ಈ ತುದಿಯಿಂದ ಬರೀ ಬೆಳಕಾಗಿ ಕಾಣುತ್ತದೆ. ರೈಫಲ್ಲನ್ನು ತಿರುಗಿಸಿ, ಮುಂದಿನ ಬಾಯಿಯನ್ನು ಕಿಟಕಿಯ ಬಿಳಿ ಆಕಾಶಕ್ಕೆ ಹಿಡಿದು, ಹಿಂದಿನಿಂದ ನೋಡಿದೆ. ಗೂಡಿನ ಮುಂದೆಯೇ ಒಂದು ಮಂಕು ಕಪ್ಪು ಬಳೆ ಕೂತಿತ್ತು. ತಿಂಗಳುಗಟ್ಟಲೆ ಸರಿಯಾಗಿ ತೊಳೆಯದ ಚಹಾ ಲೋಟದ ಒಳಗೆ ಕಟ್ಟುವ ಕಲೆಯ ಹಾಗೆ.

ಅಷ್ಟಾದರೂ ನನ್ನ ಸಿದ್ಧಾಂತ ನನ್ನನ್ನು ಬಿಡಲಿಲ್ಲ. ಕಪ್ಪು ಒಳ್ಳೆಯದಲ್ಲವೇ? ಅದನ್ನು ತೆಗೆದರೆ ಇನ್ನೂ ಹಾಳಾದರೆ? ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಪ್ಪನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಬಂದೂಕಿನ ಬಗ್ಗೆ ಅವರಿಗೆ ಕಾಸಿನಷ್ಟೂ ಆಸಕ್ತಿ ಇರಲಿಲ್ಲ. ಆದರೆ ಕಪ್ಪಿನ ಮಾತು ಬಂದ ಕೂಡಲೇ ಓದುತ್ತಿದ್ದ ಪೇಪರು ಮಡಚಿದರು.

"ಎಂತ ಕಪ್ಪು ಅದು? ಹೊಳೆಯುವ ಕಪ್ಪಾ, ಸತ್ತ ಕಪ್ಪಾ?"

"ಕಪ್ಪಲ್ಲೂ ಬೇರೆ ಬೇರೆ ಉಂಟಾ?"

"ಇಷ್ಟು ವರ್ಷ ಇಲ್ಲೇ ತಿಂದು ಬೆಳೆದದ್ದಾ ನೀನು? ಬಾ ಇಲ್ಲಿ."

ಕಾವಲಿಯ ಹತ್ತಿರ ಕರೆದುಕೊಂಡು ಹೋದರು. ನಡುವೆ ಕಾವಲಿ ಕಪ್ಪಗೆ ಹೊಳೆಯುತ್ತಿತ್ತು, ಬಾಗಿದರೆ ಮುಖದ ನೆರಳು ಕಾಣುವಷ್ಟು. ಅಂಚಿನಲ್ಲಿ, ದೋಸೆ ತಲುಪದ ಆದರೆ ಹಿಟ್ಟು ಎಣ್ಣೆ ಸಿಡಿದು ಸಿಡಿದು ಬೀಳುವ ಕಡೆ, ಕಪ್ಪು ಹೆಕ್ಕಳೆಯಾಗಿ ದಪ್ಪಗಟ್ಟಿತ್ತು. ಸಟ್ಟುಗದ ಮೂಲೆಯಿಂದ ಅಪ್ಪ ಒಂದು ಚೂರು ಎಬ್ಬಿಸಿದರು. ಇದ್ದಿಲಿನ ಹಾಗೆ ಪುಡಿಯಾಯಿತು.

"ಇದು ನಡುವಿಂದು, ಎಣ್ಣೆ ಕುಡಿದು ಕೂತದ್ದು. ಇದನ್ನು ಮುಟ್ಟಬಾರದು. ಅದು ಅಂಚಿಂದು, ಸುಟ್ಟು ಸುಟ್ಟು ಕೂತದ್ದು. ಅದನ್ನು ಬಿಟ್ಟರೆ ನಡುವಿಗೆ ಬರ್ತದೆ, ದೋಸೆ ಅಲ್ಲಿಗೇ ಹೋಗಿ ತಾಗ್ತದೆ."

"ತೆಗೆಯುವುದು ಹೇಗೆ?"

"ನೆನೆಹಾಕಬೇಕು. ಒಣಗಿದ್ದನ್ನು ಕೆರೆದರೆ ಕಬ್ಬಿಣವೇ ಗೀರಿಹೋಗ್ತದೆ. ನೆನೆದ ಮೇಲೆ ಅದೇ ಬಿಡ್ತದೆ. ಮತ್ತೆ ಒಂದು ಮಾತು, ಹಾಗೆ ತೊಳೆದ ಮೇಲೆ ನಡುವಿನ ಎಣ್ಣೆಯೂ ಹೋಗಿರ್ತದೆ. ಮೊದಲಿನ ಒಂದೆರಡು ದೋಸೆ ಹಾಳು."

ಕೊನೆಯ ಮಾತನ್ನು ನಾನು ಕಿವಿಯಲ್ಲಿ ಕೇಳಿದೆ, ತಲೆಗೆ ಹಾಕಿಕೊಳ್ಳಲಿಲ್ಲ. ತಲೆ ಆಗಲೇ ಕಲ್ಯಾಣದಲ್ಲಿತ್ತು.

ಹವಾಲ್ದಾರರನ್ನು ಒಪ್ಪಿಸಲು ಮತ್ತೊಂದು ವಾರ ಹಿಡಿಯಿತು. ಹಿಂದಿನಿಂದ ಇಣುಕಿ ನೋಡಿ ಎಂದು ಬೆನ್ನುಬಿದ್ದೆ. ಕೊನೆಗೆ ನೋಡಿದರು. ಬಹಳ ಹೊತ್ತು ನೋಡಿದರು. ಮೀಸೆ ತಿರುವಲಿಲ್ಲ. "ಐತಿ ಬಿಡು" ಎಂದರು. ಅವರ ದೊಡ್ಡತನ ಅದು, ಕಂಡದ್ದನ್ನು ಇಲ್ಲ ಎನ್ನಲಿಲ್ಲ. ಆಯ್ಕೆ ಭಾನುವಾರ, ಅವರು ಒಪ್ಪಿದ್ದು ಶುಕ್ರವಾರ. ಅಂದೇ ಹೋಟೆಲಿನ ಸ್ಟವ್‌ನಿಂದ ಒಂದು ಶೀಶೆ ಸೀಮೆಎಣ್ಣೆ ಒಯ್ದೆ. ಕೆಲಸದವರು ಅದನ್ನು ಘಾಸ್ಲೇಟ್ ಎನ್ನುತ್ತಿದ್ದರು, ಅಪ್ಪ ಚಿಮಿಣಿ ಎಣ್ಣೆ ಎನ್ನುತ್ತಿದ್ದರು. ಚಿಂದಿಯನ್ನು ಅದರಲ್ಲೂ ಬಂದೂಕಿನ ಎಣ್ಣೆಯಲ್ಲೂ ಅದ್ದಿ, ಸುರುಳಿ ಮಾಡಿ, ಆ ಬಳೆಯ ಜಾಗಕ್ಕೆ ಸರಿಯಾಗಿ ತುರುಕಿ ಬಿಟ್ಟೆವು. ಅದಕ್ಕೆ ಮೊದಲು ನಾಣ್ಯ ಇಟ್ಟವಳೂ ಹಿಂದಿನಿಂದ ಇಣುಕಿ ಆ ಬಳೆ ನೋಡಿದ್ದಳು. ಶನಿವಾರ ಮಧ್ಯಾಹ್ನ ಚಿಂದಿ ಹೊರತೆಗೆದರೆ ಅದು ಕಾಡಿಗೆಯಲ್ಲಿ ಹೊರಳಿದಂತಿತ್ತು. ಪೆಟ್ಟಿಗೆಯ ತಳದಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಹಿತ್ತಾಳೆಯ ಬ್ರಶ್ಶನ್ನು ಹವಾಲ್ದಾರರೇ ಹುಡುಕಿ ಕೊಟ್ಟರು. ಕೋಲಿಗೆ ಸಿಕ್ಕಿಸಿ, ಹಿಂದಿನಿಂದ ಮುಂದಕ್ಕೆ, ಅವಸರವಿಲ್ಲದೆ ಆಡಿಸಿದೆ. ಮೊದಮೊದಲು ಕರಕರ ಎನ್ನುತ್ತಿದ್ದದ್ದು ಬರಬರುತ್ತಾ ಸದ್ದಿಲ್ಲದೆ ಜಾರತೊಡಗಿತು. ಒಣ ಚಿಂದಿ ಎಳೆದರೆ ಕಪ್ಪು, ಆಮೇಲೆ ಬೂದಿ ಬಣ್ಣ, ಆಮೇಲೆ ಬಿಳಿ. ಎಲ್ಲೂ ತಡೆಯಲಿಲ್ಲ. ಹಿಂದಿನಿಂದ ಇಣುಕಿದೆ. ಬಳೆ ಇರಲಿಲ್ಲ. ಸುರುಳಿಗೆರೆಗಳು ಗೂಡಿನ ಬಾಗಿಲಿನಿಂದಲೇ ಶುರುವಾಗುತ್ತಿದ್ದವು. ಆ ದಿನ ನನ್ನಷ್ಟು ಸುಖಿ ಇಡೀ ಕಲ್ಯಾಣದಲ್ಲಿ ಯಾರೂ ಇರಲಿಕ್ಕಿಲ್ಲ.

ಭಾನುವಾರ ಬೆಳಗಿನ ಲೋಕಲ್ಲಿನಲ್ಲಿ, ಠಾಕುರ್ಲಿ ದಾಟುವಾಗ, ಬೆರಳುಗಳನ್ನು ಸುಮ್ಮನೆ ಉಜ್ಜಿಕೊಳ್ಳುತ್ತಿದ್ದೆ. ಆ ಗುಂಡುಗಳನ್ನು ಹಿಡಿದರೆ ಬೆರಳಿಗೆ ಒಂದು ಜಿಡ್ಡು ಅಂಟುತ್ತಿತ್ತು, ಮೇಣದ ಜಿಡ್ಡು. ಅದೇಕೆ ಹಚ್ಚುತ್ತಾರೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ಆಗ ಅಪ್ಪ ಅಂದು ಕೊನೆಗೆ ಹೇಳಿದ ಮಾತು, ಮೊದಲಿನ ಒಂದೆರಡು ದೋಸೆ ಹಾಳು ಎಂಬುದು, ಎಲ್ಲಿಂದಲೋ ಬಂದು ಕುಳಿತಿತು. ಪ್ರತಿ ಗುಂಡೂ ಹೋಗುತ್ತಾ ನಳಿಗೆಯ ಒಳಗೆ ಒಂದು ತೆಳು ಮೇಣ ಬಳಿಯುತ್ತದೆ. ಅದು ಕಾವಲಿಯ ನಡುವಿನ ಎಣ್ಣೆ. ನಾನು ಸೀಮೆಎಣ್ಣೆ ಹಾಕಿ ಅಂಚಿನ ಕಪ್ಪಿನ ಜೊತೆ ಅದನ್ನೂ ತೊಳೆದುಹಾಕಿದ್ದೆ. ಇಂದು ಏಳನೇ ನಂಬರಿನಿಂದ ಮೊದಲು ಯಾರು ಹೊಡೆಯುತ್ತಾರೋ ಅವರ ಮೊದಲ ಗುಂಡುಗಳು ಹರಿದ ದೋಸೆಯೇ. ಆಮೇಲೆ ಹೊಡೆಯುವವರಿಗೆ ಪಳಗಿದ ಕಾವಲಿ.

ಆಯ್ಕೆ ನಡೆದದ್ದು ಟಿಟ್ವಾಳಾದ ಆಚೆ, ಒಂದು ಗುಡ್ಡದ ಬುಡದ ಬಯಲಿನಲ್ಲಿ. ಇಳಿದವಳೇ ಹವಾಲ್ದಾರರ ಬಳಿ ಓಡಿದೆ. ಎಣಿಕೆಗೆ ಸೇರದ ಹಾಗೆ ಮೊದಲು ನಾಲ್ಕು ಗುಂಡು ಸುಮ್ಮನೆ ಹೊಡೆಯಲು ಬಿಡಿ ಎಂದೆ.

"ಎಲ್ಲಿಂದ ತರಲಿ? ತಲಿಗೆ ಹತ್ತು ಗುಂಡು ಕೊಟ್ಟಾರ, ಖಾಲಿ ತೋಟಾ ಸುದ್ದಾ ವಾಪಸ್ ಕೊಡಬೇಕು. ನಾಲಿ ಈಗ ಫಸ್ಟ್‌ಕ್ಲಾಸ್ ಐತಿ. ನೀನೇ ತೊಳದೀಯಲ್ಲ, ಮತ್ತ ಯಾಕ ಅಂಜತಿ?"

ಬೇರೆ ರೈಫಲ್ ಕೊಡಿ ಎಂದೆ. ಹುಡುಗರವು ಹುಡುಗರಿಗೆ, ಹುಡುಗಿಯರಿಗೆ ಅದೊಂದೇ ಎಂದರು. ಸರದಿಗೆ ನಾಣ್ಯ ಚಿಮ್ಮಿದರು. ನಾನು ಗೆದ್ದೆ. ಮೊದಲೋ ಆಮೇಲೋ ಎಂದು ಆರಿಸುವ ಹಕ್ಕು ನನ್ನದು.

ಇಲ್ಲೊಂದು ವಿಷಯ ಹೇಳಬೇಕು. ಆ ಬಯಲಿನಲ್ಲಿ ಬಿಸಿಲೇರಿದರೆ ಗುಡ್ಡದ ಕಡೆಯಿಂದ ಗಾಳಿ ಏಳುತ್ತಿತ್ತು. ಹಾಗಾಗಿ ಎಲ್ಲರೂ ಆಸೆಪಡುತ್ತಿದ್ದದ್ದು ಮೊದಲ ಸರದಿಗೆ. ನಾನು "ನೀನೇ ಮೊದಲು ಹೊಡಿ" ಎಂದು ಅವಳಿಗೆ ಬಿಟ್ಟುಕೊಟ್ಟಿದ್ದರೆ ಎಲ್ಲರೂ ಎಂಥ ದೊಡ್ಡ ಮನಸ್ಸು ಎನ್ನುತ್ತಿದ್ದರು. ಅವಳು ಥ್ಯಾಂಕ್ಸ್ ಹೇಳುತ್ತಿದ್ದಳು. ಅವಳ ಗುಂಡುಗಳು ಚದುರುತ್ತಿದ್ದವು. ನಾನು ಕ್ಯಾಂಪಿಗೆ ಹೋಗುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ತುದಿಗೆ ಆ ಮಾತು ಬಂದಿತ್ತು ಎಂದು ಇಲ್ಲಿ ಬರೆಯಲು ನನಗೇನೂ ನಾಚಿಕೆಯಿಲ್ಲ. ಬಂದಿತ್ತು, ನಿಂತಿತ್ತು, ಸಿಹಿಯಾಗಿಯೇ ಇತ್ತು. ಆದರೆ ಕಣ್ಣ ಮುಂದೆ ಅರ್ಧ ಎತ್ತಿದ ಶಟರು, ಅಪ್ಪನ ಕೈಯಲ್ಲಿ ಹರಿದ ದೋಸೆ. ಹುಟ್ಟಿದಂದಿನಿಂದ ಅದನ್ನು ನೋಡಿ ನೋಡಿ ನನಗೆ ಬೇರೆ ದಾರಿಯೇ ತಿಳಿದಿರಲಿಲ್ಲ. ನನಗೆ ಅಪ್ಪನ ಮೇಲೂ ಸಿಟ್ಟು ಬಂತು.

"ನಾನು ಮೊದಲು" ಎಂದೆ.

ಅವಳ ಮುಖ ಬಾಡಿತು. "ಮಾಲೂಮ್ ಥಾ" ಎಂದಳು, ಇದು ಗೊತ್ತೇ ಇತ್ತು ಎನ್ನುವ ಹಾಗೆ.

"ಹಾಗಲ್ಲ ಮಾರಾಯ್ತಿ. ನಿನ್ನೆ ತೊಳೆದ ನಳಿಗೆ ಅದು. ತೊಳೆದ ಕಾವಲಿ ಇದ್ದ ಹಾಗೆ. ಮೊದಲನೇ ದೋಸೆ ಹರಿದೇ ಬರ್ತದೆ. ತೊಳೆದವಳು ನಾನು, ಅದು ನನಗಿರಲಿ."

"ಹವಾ ಉಠನೇ ಸೇ ಪೆಹಲೇ ಮಾರನಾ ಹೈ ತೋ ಮಾರ್ ನಾ. ಕಹಾನಿ ಮತ್ ಸುನಾ" ಎಂದು ಮುಖ ತಿರುಗಿಸಿದಳು. ಗಾಳಿ ಏಳುವ ಮೊದಲು ಹೊಡೆಯಬೇಕಿದ್ದರೆ ಹೊಡಿ, ಕಥೆ ಕಟ್ಟಬೇಡ ಎಂದು. ಸುತ್ತ ನಿಂತವರೂ ನನ್ನನ್ನು ಸ್ವಾರ್ಥಿಯನ್ನು ನೋಡುವಂತೆ ನೋಡಿದರು.

ಮಲಗಿದೆ, ಉಸಿರು ಹಿಡಿದೆ, ಹೊಡೆದೆ. ವಿಚಿತ್ರ ಏನೆಂದರೆ, ಆ ಹತ್ತು ಗುಂಡುಗಳ ಹೊತ್ತಿಗೆ ನನಗೆ ತಂಡ, ಕ್ಯಾಂಪು, ಗಲ್ಲಾ ಯಾವುದೂ ನೆನಪಿರಲಿಲ್ಲ. ನನ್ನ ಊಹೆ ನಿಜವೋ ಸುಳ್ಳೋ ಎಂಬುದೊಂದೇ ತಲೆಯಲ್ಲಿ. ಮುಗಿದ ಮೇಲೆ ಗುರಿಕಾಗದ ತಂದರು. ಮೂರು ತೂತುಗಳು ಮೂರು ದಿಕ್ಕಿಗೆ ಹೋಗಿದ್ದವು. ಉಳಿದವು ನಡುವಿನಲ್ಲಿ ಒಂದರ ಮೇಲೊಂದು ಬಿದ್ದು ಒಂದೇ ಹರಕಲು ತೂತಾಗಿದ್ದವು. ಏಳನೇ ನಂಬರು ಹೊಸದಿದ್ದಾಗಲೂ ಹಾಗೆ ಹೊಡೆದಿರಲಿಕ್ಕಿಲ್ಲ. ನಾನು "ಹೌದು! ಹೌದು!" ಎಂದು ಕೂಗಿದೆ. ಹವಾಲ್ದಾರರಿಗೆ ನನ್ನ ತಲೆ ಕೆಟ್ಟಿದೆ ಎನಿಸಿರಬೇಕು.

ಆಮೇಲೆ ಅವಳು ಮಲಗಿದಳು. ಗಾಳಿ ಆ ದಿನ ಏಳಲೇ ಇಲ್ಲ. ಅವಳ ಗುಂಡುಗಳು ಮೊದಲನೆಯದರಿಂದ ಕೊನೆಯದರ ತನಕ ಗುಂಪಾಗಿ ಬಿದ್ದವು. ನನ್ನ ಗುಂಪಿನಷ್ಟು ಬಿಗಿ ಅಲ್ಲ, ಆದರೆ ಹೊರಗೆ ಹೋದದ್ದು ಒಂದೂ ಇರಲಿಲ್ಲ. ಅಂಕ ಕೂಡಿಸಿದಾಗ ಕೂದಲೆಳೆಯಷ್ಟು ಅವಳದು ಹೆಚ್ಚು. ಹುಡುಗಿಯರು ಅವಳನ್ನು ಎತ್ತಿ ಕುಣಿದರು. ಹವಾಲ್ದಾರರು ನನ್ನ ಕಾಗದವನ್ನು ಮಡಚಿ ನನ್ನ ಕೈಗಿಟ್ಟರು.

ವಾಪಸಿನ ಲೋಕಲ್ಲಿನಲ್ಲಿ ಬಾಗಿಲ ಬಳಿ ನಿಂತು ಅತ್ತೆ. ಚೆನ್ನಾಗಿ ಅತ್ತೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನ ಗಿಮಾಧಾನ ಏನೂ ಇರಲಿಲ್ಲ. ಯಾಕಾದರೂ ಗೊತ್ತಾಯಿತೋ, ಗೊತ್ತಿಲ್ಲದೆ ಆರಿಸಿದ್ದರೆ ಎಷ್ಟು ಹಾಯಾಗಿತ್ತು ಎಂದೇ ಅನಿಸುತ್ತಿತ್ತು.

ಹೋಟೆಲಿಗೆ ಬಂದು ಕಾಗದವನ್ನು ಅಪ್ಪನ ಮುಂದೆ ಎಸೆದೆ. ಅವರು ಕನ್ನಡಕ ಹಾಕಿ ನೋಡಿದರು. ಮೂರು ದಿಕ್ಕಿನ ಮೂರು ತೂತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು.

"ಇದು ಮೊದಲಿಂದು ಅಲ್ಲವಾ?" ಎಂದರು. "ಮತ್ತೆಲ್ಲ ಸರಿಯಾಗಿ ಎದ್ದು ಬಂದಿದೆ."

"ಮೊದಲು ಹೊಡೆದದ್ದು ನಾನು. ಬೇಕೆಂದೇ."

ಅಪ್ಪ ಕಾಗದವನ್ನು ಮಡಚಿ ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಕರಾರು ಮಾತ್ರ ಸಡಿಲಿಸಲಿಲ್ಲ. ಸಡಿಲಿಸಿಯಾರೇನೋ ಎಂದು ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಮುಂದಿನ ಭಾನುವಾರದಿಂದ ಗಲ್ಲಾದಲ್ಲಿ ಕುಳಿತೆ. ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಏಳನೇ ನಂಬರನ್ನು ಮತ್ತೆ ಕೈಯಲ್ಲಿ ಹಿಡಿಯ‌ಲಿಲ್ಲ. ಅವಳು ಕ್ಯಾಂಪಿಗೆ ಹೋದ ಸುದ್ದಿ ತಿಳಿಯಿತು, ಬಂದ ಸುದ್ದಿಯೂ ತಿಳಿಯಿತು. ಕಾಲೇಜಿನಲ್ಲಿ ಎದುರಾದರೆ ನಾನೇ ದಾರಿ ಬದಲಿಸುತ್ತಿದ್ದೆ.

ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ. ಶಟರು ಇನ್ನೂ ಅರ್ಧ ಎತ್ತಿತ್ತು. ಅಪ್ಪ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿ ಮೊದಲ ಹಿಟ್ಟು ಹೊಯ್ದಿದ್ದರು. ಯಾರೋ ಕೊಡೆ ಮಡಚಿ, ಬಗ್ಗಿ ಒಳಗೆ ಬಂದರು. ನೋಡಿದರೆ ಅವಳು. ನನ್ನ ಕಡೆ ನೋಡದೆ ನೇರ ಕಾವಲಿಯ ಹತ್ತಿರ ಹೋಗಿ ನಿಂತಳು.

"ಕಾಕಾ, ಆ ಮೊದಲ್ನೇ ದ್ವಾಸಿ ನನಗ ಕೊಡ್ರಿ."

ಕನ್ನಡ! ನಾನು ಕುಳಿತಲ್ಲಿಂದ ಎದ್ದೇಬಿಟ್ಟೆ.

ಅಪ್ಪ ತಿರುಗದೆಯೇ ಹೇಳಿದರು, "ಮೊದಲಿಂದು ಹೊರಗಿನವರಿಗೆ ಕೊಡುವ ಕ್ರಮ ಇಲ್ಲಮ್ಮ ಇಲ್ಲಿ. ಕಾವಲಿ ತೊಳೆದವರು ತಿನ್ನುವುದು."

"ನಾನೂ ತೊಳದೀನ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಜಗಳದ್ದೇ. "ಕ್ಯಾಂಪಿನ್ಯಾಗ ನನಗೂ ಇನ್ನೊಬ್ಬಾಕಿಗೂ ಸೇರಿ ಒಂದ ರೈಫಲ್ ಇತ್ತು. ನಾನೂ ಹಿಂದಿನಿಂದ ಇಣಿಕಿ ನೋಡ್ದೆ. ಆ ಕರೀ ಬಳಿ ಇತ್ತು. ತೊಳದೆ. ಮರುದಿನ ಯಾರು ಮೊದಲು ಅಂತ ಕೇಳಿದ್ರು." ಕೊಡೆಯನ್ನು ಗೋಡೆಗೆ ಒರಗಿಸಿದಳು. "ನಾನಾ ಹೋದೆ ಮೊದಲ."

"ಪದಕ?" ಎಂದೆ.

ಅವಳು ತಲೆಯಾಡಿಸಿದಳು, ಇಲ್ಲ ಎಂದು. "ಮೂರು ಗುಂಡು ಹೋದ್ವು ನಂದೂ."

ಹೊರಗೆ ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ಅಪ್ಪ ಸಟ್ಟುಗ ಹಾಕಿ ದೋಸೆ ಎಬ್ಬಿಸಿದರು. ಅದು ಎಂದಿನಂತೆ ನಡುವೆ ಕಚ್ಚಿಕೊಂಡು ಹರಿದು ಬಂತು. ಅದನ್ನು ತಟ್ಟೆಗೆ ಹಾಕಿ ಒಂದು ಕ್ಷಣ ಯೋಚಿಸಿದರು. ಆಮೇಲೆ ಕೈಯಲ್ಲೇ ಮೂರು ಪಾಲು ಮಾಡಿ, ಒಂದು ಅವಳಿಗೆ ಕೊಟ್ಟರು, ಒಂದು ನನಗೆ ಕೊಟ್ಟರು. ನಾವು ಮೂವರೂ ನಿಂತೇ ತಿಂದೆವು. ತಿಂದು ಕೈ ತೊಳೆದ ಮೇಲೆ ಅಪ್ಪ ಶಟರನ್ನು ಪೂರ್ತಿ ಎತ್ತಿದರು.